2007ರಿಂದ 2010ರ ಟಚ್ ಫೋನ್: ಸ್ಪೆಕ್ ಶೀಟ್ ಓದೋದು ಹೇಗೆ, ಕೈಗೆ ತಗೊಂಡು ನೋಡೋದು ಹೇಗೆ

ಮೊದಮೊದಲ ಟಚ್ ಫೋನುಗಳಿಗೆ ಈಗ ಮತ್ತೆ ಗಿರಾಕಿಗಳಿದ್ದಾರೆ. ಕೆಲವರಿಗೆ ಕಪಾಟಿನಲ್ಲಿ ಸಾಲಾಗಿ ಜೋಡಿಸಿಡಲು ಬೇಕು. ಇನ್ನು ಕೆಲವರಿಗೆ ಮನೆಯ ಡ್ರಾಯರಿನಲ್ಲಿ ಬಿದ್ದಿರೋದನ್ನೇ ಮತ್ತೆ ಎಬ್ಬಿಸಬೇಕು. ಎಲ್ಲರೂ ಮಾಡೋ ಮೊದಲ ಕೆಲಸ ಅಂದರೆ ಮಾಡೆಲ್ ಹೆಸರು ಹಾಕಿ ಸ್ಪೆಕ್ ಶೀಟ್, ಅಂದರೆ ಫೋನಿನಲ್ಲಿ ಏನೇನಿದೆ ಅನ್ನೋ ಪಟ್ಟಿ, ತೆಗೆಯೋದು. ಯಾಮಾರೋದೂ ಅಲ್ಲೇ. ಈಗಿನ ಫೋನಿನ ಪಟ್ಟಿ ಓದೋ ಹಾಗೆ ಆಗಿನ ಪಟ್ಟಿಯನ್ನು ಓದಿದರೆ ಅರ್ಧ ವಿಷಯ ಗೊತ್ತೇ ಆಗೋದಿಲ್ಲ, ಯಾಕಂದ್ರೆ ಫೋನಿನಲ್ಲಿ ಏನು ಇಲ್ಲವೋ ಅದನ್ನು ಆಗ ಯಾರೂ ಬರೀತಾ ಇರಲಿಲ್ಲ.

ಎರಡು ಫೋನ್ ಪಕ್ಕಪಕ್ಕ ಇಟ್ಟು ನೋಡಿ. ಒಂದು ಜೂನ್ 2007ರಲ್ಲಿ ಅಮೆರಿಕದಲ್ಲಿ ಮಾರಾಟಕ್ಕೆ ಬಂದ ಮೊದಲ ಐಫೋನ್. ಇನ್ನೊಂದು ಅಕ್ಟೋಬರ್ 2008ರಲ್ಲಿ ನೋಕಿಯಾ ಘೋಷಿಸಿದ 5800 ಎಕ್ಸ್‌ಪ್ರೆಸ್ ಮ್ಯೂಸಿಕ್. ನೋಕಿಯಾದ ಪಟ್ಟಿಯಲ್ಲಿ 3ಜಿ ಇದೆ, ಜಿಪಿಎಸ್ ಇದೆ, 3.2 ಮೆಗಾಪಿಕ್ಸೆಲ್ ಆಟೋಫೋಕಸ್ ಕ್ಯಾಮೆರಾ ಇದೆ, ವಿಡಿಯೋ ರೆಕಾರ್ಡಿಂಗ್ ಇದೆ, ಮುಂದೆ ಇನ್ನೊಂದು ಕ್ಯಾಮೆರಾ ಇದೆ, ಮೆಮೊರಿ ಕಾರ್ಡ್ ಹಾಕಬಹುದು, ಬ್ಯಾಟರಿ ಬಿಚ್ಚಬಹುದು. ಐಫೋನಿನಲ್ಲಿ ಇದರಲ್ಲಿ ಒಂದೂ ಇಲ್ಲ. 2 ಮೆಗಾಪಿಕ್ಸೆಲ್ ಕ್ಯಾಮೆರಾ, ಅದರಲ್ಲೂ ಬರೀ ಫೋಟೋ. ಎಂಎಂಎಸ್ (ಫೋಟೋ ಇರೋ ಮೆಸೇಜ್) ಕಳಿಸೋ ಹಾಗಿಲ್ಲ. ಕಾಪಿ-ಪೇಸ್ಟ್ ಕೂಡ ಇರಲಿಲ್ಲ, ಅದು ಬಂದಿದ್ದು ಜೂನ್ 2009ರ 3.0 ಸಾಫ್ಟ್‌ವೇರಿನಲ್ಲಿ. ಆಪ್ ಸ್ಟೋರ್ ಶುರುವಾಗಿದ್ದು ಜುಲೈ 2008ರಲ್ಲಿ. ಅಂದರೆ ಮೊದಲ ಒಂದು ವರ್ಷ ಹೊರಗಿನ ಆಪ್ ಹಾಕೋ ಅಧಿಕೃತ ದಾರಿಯೇ ಇರಲಿಲ್ಲ.

ಪಟ್ಟಿಯಲ್ಲಿ ನೋಕಿಯಾ ಗೆಲ್ಲುತ್ತದೆ, ಅದರಲ್ಲಿ ಎರಡು ಮಾತಿಲ್ಲ. ಈಗ ಎರಡನ್ನೂ ಕೈಗೆ ತಗೊಳ್ಳಿ. ನೋಕಿಯಾದಲ್ಲಿ ಮೆನುವಿನ ಐಕಾನ್ ಒಂದು ಸಲ ಮುಟ್ಟಿದರೆ ತೆರೆಯುತ್ತದೆ. ಒಳಗೆ ಹೋಗಿ ಸೆಟ್ಟಿಂಗ್ಸ್ ಪಟ್ಟಿಯ ಸಾಲನ್ನು ಒಂದು ಸಲ ಮುಟ್ಟಿದರೆ ಅದು ಬರೀ ಬಣ್ಣ ಬದಲಿಸಿಕೊಂಡು ಕೂರುತ್ತದೆ, ಇನ್ನೊಂದು ಸಲ ಮುಟ್ಟಿದರೆ ಮಾತ್ರ ತೆರೆಯುತ್ತದೆ. ಎಲ್ಲಿ ಒಂದು ಸಲ, ಎಲ್ಲಿ ಎರಡು ಸಲ ಅನ್ನೋದನ್ನು ನಾವೇ ನೆನಪಿಟ್ಟುಕೊಳ್ಳಬೇಕು. ಬಟನ್ ಫೋನಿಗೆ ಮಾಡಿದ್ದ ಸಿಂಬಿಯನ್ ಸಾಫ್ಟ್‌ವೇರಿಗೆ ಮೇಲಿಂದ ಟಚ್ ಹೊದಿಸಿದ್ದರು. ಐಫೋನಿನಲ್ಲಿ ಬೆರಳು ಎಲ್ಲಿಗೆ ಎಳೆದರೆ ಪರದೆ ಅಲ್ಲಿಗೆ ಬರುತ್ತದೆ. ಇದು ಯಾವ ಕಾಲಂನಲ್ಲೂ ಇಲ್ಲ. ಹಾಗಾಗಿ ಪಟ್ಟಿಯಲ್ಲಿ ಮೊದಲು ಹುಡುಕಬೇಕಾದದ್ದು ಮೆಗಾಪಿಕ್ಸೆಲ್ ಅಲ್ಲ, ಮೆಗಾಹರ್ಟ್ಜ್ ಅಲ್ಲ.

ಮೊದಲು ಟಚ್ ಯಾವ ಜಾತಿ ನೋಡಿ

ಆಗ ಎರಡು ಜಾತಿಯ ಪರದೆ ಇದ್ದವು. ರೆಸಿಸ್ಟಿವ್ ಅಂದರೆ ಎರಡು ತೆಳು ಪದರ, ನಡುವೆ ಸಣ್ಣ ಜಾಗ. ಒತ್ತಿದಾಗ ಮೇಲಿನದು ಕೆಳಗಿನದಕ್ಕೆ ತಾಗುತ್ತದೆ, ತಾಗಿದ ಜಾಗ ಫೋನಿಗೆ ಗೊತ್ತಾಗುತ್ತದೆ. ಯಾವುದರಿಂದ ಒತ್ತಿದರೂ ನಡೆಯುತ್ತದೆ. ಕೆಪಾಸಿಟಿವ್ ಪರದೆಗೆ ಒತ್ತಡ ಬೇಡ, ಬೆರಳು ಹತ್ತಿರ ಬಂದಾಗ ಅಲ್ಲಿನ ವಿದ್ಯುತ್ ಚಾರ್ಜಿನಲ್ಲಿ ಆಗೋ ಬದಲಾವಣೆಯನ್ನು ಅಳೆಯುತ್ತದೆ. ಎಲ್‌ಜಿ ಪ್ರಾಡಾ ಮತ್ತೆ ಐಫೋನ್ ಎರಡೂ 2007ರಲ್ಲಿ ಈ ಜಾತಿಯನ್ನು ಮಾರುಕಟ್ಟೆಗೆ ತಂದವು.

ಕೈಯಲ್ಲಿ ಫೋನ್ ಇದ್ದರೆ ಗೊತ್ತು ಮಾಡೋದು ಸುಲಭ. ಉಗುರಿನ ತುದಿಯಿಂದ ಮಾತ್ರ, ಬೆರಳಿನ ಚರ್ಮ ತಾಗದ ಹಾಗೆ, ಒಂದು ಐಕಾನ್ ಒತ್ತಿ. ತೆರೆದರೆ ರೆಸಿಸ್ಟಿವ್, ಸುಮ್ನೆ ಇದ್ದರೆ ಕೆಪಾಸಿಟಿವ್. ಪೆನ್ನಿನ ಕ್ಯಾಪ್ ಇದ್ದರೂ ಆಗುತ್ತದೆ. ಇನ್ನೊಂದು ಗುರುತು ಪರದೆಯ ಅಂಚಿನಲ್ಲಿದೆ. ರೆಸಿಸ್ಟಿವ್ ಪರದೆ ಪ್ಲಾಸ್ಟಿಕ್ಕಿನ ಹಾಗಿರುತ್ತದೆ, ಹೆಬ್ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಗ್ಗುತ್ತದೆ, ಬಹಳ ಸಲ ಸುತ್ತಲಿನ ಕಟ್ಟಿಗಿಂತ ಒಂದು ಚೂರು ಒಳಗೆ ಕೂತಿರುತ್ತದೆ.

ದುಬಾರಿ ಫೋನಿನಲ್ಲಿ ಒಳ್ಳೇ ಟಚ್, ಅಗ್ಗದ ಫೋನಿನಲ್ಲಿ ಕೆಟ್ಟ ಟಚ್ ಅಂತ ಮಾತ್ರ ಲೆಕ್ಕ ಹಾಕಬೇಡಿ. ನೋಕಿಯಾದ ದುಬಾರಿ ಎನ್97 (2009) ರೆಸಿಸ್ಟಿವ್. ಅದೇ ವರ್ಷದ ಎನ್900 ಕೂಡ ರೆಸಿಸ್ಟಿವ್. ಅದೇ ವರ್ಷ ಕಾಲೇಜು ಹುಡುಗರ ಕೈಯಲ್ಲೆಲ್ಲ ಇದ್ದ ಬಣ್ಣಬಣ್ಣದ ಸ್ಯಾಮ್‌ಸಂಗ್ ಕಾರ್ಬಿ ಕೆಪಾಸಿಟಿವ್, ಅದು ಸ್ಮಾರ್ಟ್‌ಫೋನೇ ಅಲ್ಲದಿದ್ದರೂ. ಕೆಪಾಸಿಟಿವ್ ಅಂದ ಮಾತ್ರಕ್ಕೆ ಎರಡು ಬೆರಳಲ್ಲಿ ಹಿಗ್ಗಿಸೋದು (ಪಿಂಚ್) ನಡೆಯಬೇಕು ಅಂತಲೂ ಇಲ್ಲ. ಕಾರ್ಬಿಯಲ್ಲಿ ಒಂದೇ ಬೆರಳಲ್ಲಿ ಜೂಮ್ ಮಾಡಬೇಕಿತ್ತು. ಮೊದಲ ಆಂಡ್ರಾಯ್ಡ್ ಫೋನಾದ ಎಚ್‌ಟಿಸಿ ಡ್ರೀಮ್, ಅಂದರೆ ಅಮೆರಿಕದಲ್ಲಿ ಟಿ-ಮೊಬೈಲ್ ಜಿ1 ಅಂತ ಅಕ್ಟೋಬರ್ 2008ರಲ್ಲಿ ಬಂದದ್ದು, ಅದರಲ್ಲೂ ಪಿಂಚ್ ಇರಲಿಲ್ಲ. ಜನವರಿ 2010ರಲ್ಲಿ ಬಂದ ಗೂಗಲ್ಲಿನದೇ ನೆಕ್ಸಸ್ ಒನ್‌ಗೂ ಪಿಂಚ್ ಸಿಕ್ಕಿದ್ದು ಮರುತಿಂಗಳ ಅಪ್‌ಡೇಟಿನಲ್ಲಿ.

ರೆಸಿಸ್ಟಿವ್ ಫೋನ್ ಕೊಳ್ಳೋದಾದರೆ ಒಂದು ಪರೀಕ್ಷೆ ಬಿಡಲೇಬೇಡಿ. ಮೆಸೇಜ್ ಬರೆಯೋ ಜಾಗ ತೆಗೆದು, ಪರದೆಯ ನಾಲ್ಕು ಮೂಲೆ ಮತ್ತು ನಡುವಿನಲ್ಲಿ ಸ್ಟೈಲಸ್ಸಿನಿಂದ (ಪರದೆ ಒತ್ತೋ ಕಡ್ಡಿಯಿಂದ) ಒತ್ತಿ ನೋಡಿ. ಒತ್ತಿದ ಅಕ್ಷರದ ಬದಲು ಪಕ್ಕದ್ದು ಬಿದ್ದರೆ ಭಯ ಬೇಡ, ಅದು ಅಳತೆ ತಪ್ಪಿರೋದು. ಸೆಟ್ಟಿಂಗ್ಸ್‌ನಲ್ಲಿ ಟಚ್ ಕ್ಯಾಲಿಬ್ರೇಷನ್ ಅಂತ ಇರುತ್ತದೆ, ವಿಂಡೋಸ್ ಮೊಬೈಲ್ ಆದರೆ ಅಲೈನ್ ಸ್ಕ್ರೀನ್. ಪರದೆ ತೋರಿಸೋ ಗುರುತುಗಳನ್ನು ಒಂದೊಂದಾಗಿ ಒತ್ತಿದರೆ ಸರಿಹೋಗುತ್ತದೆ. ಆದರೆ ಒಂದು ಪಟ್ಟಿಯಷ್ಟು ಜಾಗ ಎಷ್ಟು ಒತ್ತಿದರೂ ಸತ್ತ ಹಾಗೆ ಇದ್ದರೆ ಪದರವೇ ಸವೆದಿದೆ ಅಂತ ಅರ್ಥ. ಅದಕ್ಕೆ ಪರದೆ ಬದಲಿಸೋದೇ ದಾರಿ.

ಪರದೆಯ ಅಂಕಿ

ಇಂಚು ಒಂದೇ ನೋಡಿದರೆ ಏನೂ ಗೊತ್ತಾಗದು. ರೆಸಲ್ಯೂಷನ್ನಿನ ಎರಡೂ ಸಂಖ್ಯೆಯ ವರ್ಗ ಕೂಡಿಸಿ, ವರ್ಗಮೂಲ ತೆಗೆದು, ಇಂಚಿನಿಂದ ಭಾಗಿಸಿ. ಶಾಲೆಯ ಪೈಥಾಗೊರಸ್ಸೇ. ನೋಕಿಯಾ 5800ಗೆ 360 ಮತ್ತು 640, ಪರದೆ 3.2 ಇಂಚು, ಉತ್ತರ ಸುಮಾರು 229. ಮೊದಲ ಐಫೋನಿಗೆ 320 ಮತ್ತು 480, 3.5 ಇಂಚು, ಉತ್ತರ ಸುಮಾರು 165 (ಆಪಲ್ ಹೇಳೋದು 163, ಪರದೆ 3.5ಕ್ಕಿಂತ ಕೂದಲೆಳೆಯಷ್ಟು ದೊಡ್ಡದು). ಎಚ್‌ಟಿಸಿ ಟಚ್‌ನ 240 ಮತ್ತು 320, 2.8 ಇಂಚಿಗೆ 143 ಅಷ್ಟೇ. ಅಂದರೆ ಅಕ್ಷರ ಚೂಪಾಗಿ ಕಾಣೋದರಲ್ಲಿ ನೋಕಿಯಾ ಐಫೋನಿಗಿಂತ ಮುಂದಿತ್ತು. ಆದರೆ ರೆಸಿಸ್ಟಿವ್ ಪದರ ಬೆಳಕು ತಿನ್ನುತ್ತದೆ, ಬಿಸಿಲಿಗೆ ಹೋದರೆ ಆ 229 ಯಾವ ಲೆಕ್ಕಕ್ಕೂ ಬರೋದಿಲ್ಲ.

2010ರ ಫೋನುಗಳಲ್ಲಿ ಅಮೋಲೆಡ್ (ಚುಕ್ಕಿಗಳು ತಾವೇ ಬೆಳಗೋ ಪರದೆ) ಅಂತ ಕಂಡರೆ ಇನ್ನೊಂದು ತಕರಾರಿದೆ. ನೆಕ್ಸಸ್ ಒನ್ (3.7 ಇಂಚು) ಮತ್ತೆ ಮೊದಲ ಗ್ಯಾಲಕ್ಸಿ ಎಸ್ (4 ಇಂಚು) ಎರಡರಲ್ಲೂ 480×800 ಪಿಕ್ಸೆಲ್ ಅಂತ ಬರೆದಿರುತ್ತದೆ. ಆದರೆ ಪೆಂಟೈಲ್ ಜೋಡಣೆಯಲ್ಲಿ ಪ್ರತಿ ಪಿಕ್ಸೆಲ್‌ಗೆ ಮೂರು ಬಣ್ಣದ ಚುಕ್ಕಿಗಳ ಬದಲು ಎರಡೇ ಇರುತ್ತವೆ, ಸಣ್ಣ ಅಕ್ಷರದ ಅಂಚು ಸ್ವಲ್ಪ ಒರಟಾಗಿ ಕಾಣುತ್ತದೆ. ಇವನ್ನು ಕೊಳ್ಳುವಾಗ ಒಂದು ಖಾಲಿ ಬಿಳಿ ಚಿತ್ರ, ಆಮೇಲೆ ಒಂದು ಬೂದು ಚಿತ್ರ ಪೂರ್ತಿ ಪರದೆಗೆ ತೆಗೆದು ನೋಡಿ. ಮೇಲಿನ ಬ್ಯಾಟರಿ-ಗಡಿಯಾರದ ಪಟ್ಟಿ ನೆರಳಿನ ಹಾಗೆ ಉಳಿದುಕೊಂಡಿದ್ದರೆ ಪರದೆ ಸುಟ್ಟಿದೆ. ಅದಕ್ಕೆ ರಿಪೇರಿ ಇಲ್ಲ.

ಮೆಮೊರಿಯಲ್ಲಿ ಯಾಮಾರಿಸೋದೇ ಜಾಸ್ತಿ

ಮೂರು ಬೇರೆ ಬೇರೆ ಸಂಖ್ಯೆಗಳನ್ನು ಕಲಸಿ ಒಂದೇ ಮೆಮೊರಿ ಅಂತ ಹೇಳೋದು ಆಗಿನಿಂದಲೂ ನಡೆದುಬಂದಿದೆ. 5800ನ 8 ಜಿಬಿ ಅಂದರೆ ಡಬ್ಬಿಯಲ್ಲಿ ಕೊಡುತ್ತಿದ್ದ ಕಾರ್ಡು. ಫೋನಿನೊಳಗೆ ಇದ್ದದ್ದು 81 ಎಂಬಿ. ರ‍್ಯಾಮ್ (ಫೋನ್ ಕೆಲಸ ಮಾಡುವಾಗ ಬಳಸೋ ಮೆಮೊರಿ) 128 ಎಂಬಿ. ಈಗ ಸೆಕೆಂಡ್ ಹ್ಯಾಂಡಿನಲ್ಲಿ ಕಾರ್ಡ್ ಇಲ್ಲದೆ ಫೋನ್ ಸಿಕ್ಕರೆ ಆ 8 ಜಿಬಿಯೂ ಇಲ್ಲ ಅಂತಲೇ ತಿಳಿಯಿರಿ.

ಎನ್97 ಕಥೆ ಇನ್ನೂ ಚೆನ್ನಾಗಿದೆ. 32 ಜಿಬಿ ಅಂತ ದೊಡ್ಡದಾಗಿ ಬರೆದಿದ್ದರು, ಸುಳ್ಳೇನಲ್ಲ, ಇತ್ತು. ಆದರೆ ಸಿಸ್ಟಮ್ ಬಳಸೋ ಸಿ ಡ್ರೈವಿನಲ್ಲಿ ಉಳಿಯುತ್ತಿದ್ದ ಜಾಗ ಹಿಡಿಯಷ್ಟು. ಮೆಸೇಜು, ಬ್ರೌಸರಿನ ಕಸ, ಕೆಲವು ಆಪ್ ಎಲ್ಲ ಅಲ್ಲಿಗೇ ಬಂದು ಬೀಳುತ್ತಿದ್ದವು. 32 ಜಿಬಿ ಖಾಲಿ ಇದ್ದರೂ ಮೆಮೊರಿ ಫುಲ್ ಅಂತ ಫೋನ್ ಅಳುತ್ತಿತ್ತು. ಜಿ1ನಲ್ಲೂ ಇದೇ ಗೋಳು: 192 ಎಂಬಿ ರ‍್ಯಾಮ್, 256 ಎಂಬಿ ಒಳ ಮೆಮೊರಿ, ಅದರಲ್ಲೂ ಸಿಸ್ಟಮ್ ತಿಂದು ಉಳಿದದ್ದರಲ್ಲಿ ಮಾತ್ರ ಆಪ್. ಕಾರ್ಡಿಗೆ ಆಪ್ ಸಾಗಿಸೋ ಸೌಲಭ್ಯ ಆಂಡ್ರಾಯ್ಡಿಗೆ ಬಂದಿದ್ದು 2010ರ 2.2ರಲ್ಲಿ. ಆದ್ದರಿಂದ ಪಟ್ಟಿಯಲ್ಲಿ ಸ್ಟೋರೇಜ್ ಅಂತ ಕಂಡಾಗ ಕೇಳಬೇಕಾದ ಪ್ರಶ್ನೆ ಒಂದೇ: ಆಪ್ ಹಾಕೋದಕ್ಕೆ ಎಷ್ಟು?

ಕಾರ್ಡ್ ಹಾಕುವಾಗ ಮನೆಯಲ್ಲಿರೋ 64 ಅಥವಾ 128 ಜಿಬಿಯದನ್ನು ತುರುಕಬೇಡಿ. ಅವು ಬೇರೆ ತಲೆಮಾರಿನವು, ಎಕ್ಸ್‌ಫ್ಯಾಟ್ ಫಾರ್ಮ್ಯಾಟಿನಲ್ಲಿ ಬರುತ್ತವೆ, ಇವಕ್ಕೆ ಓದಲು ಬರೋದಿಲ್ಲ. 8 ಅಥವಾ 16 ಜಿಬಿ ಕಾರ್ಡ್, ಫ್ಯಾಟ್32 ಫಾರ್ಮ್ಯಾಟ್.

ಪ್ರೊಸೆಸರ್ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ಐಫೋನ್ 412 ಮೆಗಾಹರ್ಟ್ಜ್, ಜಿ1 528. ಸಂಖ್ಯೆ ನೋಡಿದರೆ ಜಿ1 ಓಡಬೇಕು. ಆದರೆ ಐಫೋನಿನ ಸ್ಕ್ರೋಲ್ ನುಣ್ಣಗೆ ಇದ್ದದ್ದಕ್ಕೆ ಕಾರಣ ಗ್ರಾಫಿಕ್ಸ್ ಚಿಪ್ಪನ್ನು ಪರದೆಯ ಚಲನೆಗೆ ದುಡಿಸಿಕೊಂಡದ್ದು. ನೋಕಿಯಾ 5800ನಲ್ಲಿ ಅಂಥ ಚಿಪ್ಪೇ ಇರಲಿಲ್ಲ. ಕ್ಯಾಮೆರಾದಲ್ಲೂ ಅಷ್ಟೇ, ಮೆಗಾಪಿಕ್ಸೆಲ್ ಬಿಟ್ಟು ಆಟೋಫೋಕಸ್ ಇದೆಯಾ ನೋಡಿ. ಫಿಕ್ಸೆಡ್ ಫೋಕಸ್ ಆದರೆ ಹತ್ತಿರದ ಕಾಗದದ ಅಕ್ಷರ ಯಾವತ್ತೂ ಸ್ಪಷ್ಟ ಬರೋದಿಲ್ಲ.

ಸಿಮ್ ಹಾಕಿದರೆ ನಡೆಯುತ್ತಾ?

ಕೊಳ್ಳೋರು ಜಾಸ್ತಿ ಕೇಳೋದು ಇದನ್ನೇ. ಪಟ್ಟಿಯಲ್ಲಿ ಜಿಎಸ್‌ಎಂ 900 ಮತ್ತು 1800 (2ಜಿ ತರಂಗಗಳ ಸಂಖ್ಯೆ) ಇದೆಯಾ ನೋಡಿ, ಇದ್ದರೆ ನಮ್ಮ 2ಜಿಯಲ್ಲಿ ನಡೆಯುತ್ತದೆ. ಕರೆ, ಎಸ್‌ಎಂಎಸ್, ಒಟಿಪಿ ಎಲ್ಲ ಬರುತ್ತದೆ. ಜಿಯೋ ಸಿಮ್ ಹಾಕಿ ಕೂರಬೇಡಿ. ಜಿಯೋ 2016ರಲ್ಲಿ ಶುರುವಾದಾಗಲೇ 4ಜಿ, ಅದರಲ್ಲಿ 2ಜಿ-3ಜಿ ಅನ್ನೋದೇ ಇಲ್ಲ. ಏರ್‌ಟೆಲ್, ವಿಐ, ಬಿಎಸ್‌ಎನ್‌ಎಲ್ ಆಗಬಹುದು. 3ಜಿ ಇದೆ ಅಂತ ಪಟ್ಟಿಯಲ್ಲಿ ಇದ್ದರೂ ಅದಕ್ಕೆ ದುಡ್ಡು ಜಾಸ್ತಿ ಕೊಡಬೇಡಿ, ಏರ್‌ಟೆಲ್ 2020ರಲ್ಲೇ 3ಜಿ ಮುಚ್ಚಿದೆ. ನೆಟ್‌ವರ್ಕ್ ಮೋಡ್ ಜಿಎಸ್‌ಎಂ ಮಾತ್ರ ಅಂತ ಇಟ್ಟುಬಿಡಿ. ಇಲ್ಲದ 3ಜಿಯನ್ನು ಹುಡುಕುತ್ತಾ ಬ್ಯಾಟರಿ ಖಾಲಿ ಮಾಡೋದು ತಪ್ಪುತ್ತದೆ.

ಆ ಕಾಲದಲ್ಲೂ ಪಟ್ಟಿಯ 3ಜಿ ನಮಗೆ ದೂರದ ಮಾತೇ ಆಗಿತ್ತು ಬಿಡಿ. ಐಫೋನ್ 3ಜಿ ಭಾರತಕ್ಕೆ ಆಗಸ್ಟ್ 2008ರಲ್ಲಿ ಬಂತು, 8 ಜಿಬಿಗೆ 31,000 ರೂಪಾಯಿ. ಹೆಸರಿನಲ್ಲೇ 3ಜಿ, ದೇಶದಲ್ಲಿ 3ಜಿ ಇಲ್ಲ! ಬೆಂಗಳೂರಿನಲ್ಲಿ ಏರ್‌ಟೆಲ್ 3ಜಿ ಶುರುವಾಗಿದ್ದು ಜನವರಿ 2011ರಲ್ಲಿ.

ಅಮೆರಿಕದಿಂದ ನೆಂಟರು ತಂದುಕೊಟ್ಟ ಫೋನ್ ನಮ್ಮಲ್ಲಿ ಎಷ್ಟೋ ಮನೆಯಲ್ಲಿ ಬಿದ್ದಿವೆ. ಅವುಗಳಲ್ಲಿ ಎರಡು ತೊಡಕು. ಮೊದಲ ಐಫೋನ್ ಎಟಿ&ಟಿಗೆ ಲಾಕ್ ಆಗಿ (ಆ ಮೊಬೈಲ್ ಕಂಪನಿಯ ಸಿಮ್ ಮಾತ್ರ ನಡೆಯೋ ಹಾಗೆ) ಬರುತ್ತಿತ್ತು, ಅನ್‌ಲಾಕ್ ಆಗಿದೆಯಾ ಅಂತ ಇಲ್ಲಿನ ಸಿಮ್ ಹಾಕಿ ಸಿಗ್ನಲ್ ಕಡ್ಡಿ ಕಂಡ ಮೇಲೇ ನಂಬಿ. ಅಲ್ಲಿನ ಇನ್ನೆರಡು ಮೊಬೈಲ್ ಕಂಪನಿಗಳದೂ ಇವೆ: ಸ್ಪ್ರಿಂಟ್‌ನ ಪಾಮ್ ಪ್ರೀ, ವೆರೈಜನ್ನಿನ ಮೊಟೊರೊಲಾ ಡ್ರಾಯ್ಡ್ ಇವೆಲ್ಲ ಸಿಡಿಎಂಎ (ಜಿಎಸ್‌ಎಂ ಅಲ್ಲದ ಬೇರೆ ಜಾತಿಯ ನೆಟ್‌ವರ್ಕ್) ಫೋನುಗಳು, ಸಿಮ್ ಹಾಕೋ ಜಾಗವೇ ಇರೋದಿಲ್ಲ. ಹಿಂದಿನ ಮುಚ್ಚಳ ತೆಗೆದು ಸಿಮ್ ಜಾಗ ಕಾಣದಿದ್ದರೆ ಅದು ಕಪಾಟಿಗೇ ಸೈ.

ಸಿಮ್ ಗಾತ್ರವೂ ನೋಡಿ. ಇಲ್ಲಿ ಹೇಳಿದ ಸಿಮ್ ಹಾಕೋ ಫೋನುಗಳೆಲ್ಲ ದೊಡ್ಡ ಸಿಮ್ಮಿನವು. ಈಗಿನ ನ್ಯಾನೋ ಸಿಮ್‌ಗೆ ಪ್ಲಾಸ್ಟಿಕ್ ಅಡಾಪ್ಟರ್ ಹಾಕಿದರೆ ಸಾಕು, ಆದರೆ ಹಿಂದೆ ಒಂದು ತೆಳು ಟೇಪ್ ಅಂಟಿಸಿ ಹಾಕಿ. ಇಲ್ಲದಿದ್ದರೆ ಎಳೆಯುವಾಗ ಅಡಾಪ್ಟರಿನ ಅಂಚು ಒಳಗಿನ ಪಿನ್ನಿಗೆ ಸಿಕ್ಕಿಹಾಕಿಕೊಂಡು ಪಿನ್ನನ್ನೇ ಕಿತ್ತುಕೊಂಡು ಬರುತ್ತದೆ.

ವೈಫೈಗೆ ಸೇರಿಸೋದಾದರೆ ಮನೆಯ ರೌಟರಿನಲ್ಲಿ 2.4 ಗಿಗಾಹರ್ಟ್ಜ್ ಆನ್ ಇರಲಿ, ಭದ್ರತೆ ಡಬ್ಲ್ಯೂಪಿಎ2 ಇರಲಿ. 5 ಗಿಗಾಹರ್ಟ್ಜ್ ಇವುಗಳ ಕಣ್ಣಿಗೆ ಕಾಣೋದೇ ಇಲ್ಲ. ನಮ್ಮಲ್ಲಿ ತುಂಬಾ ಮಾರಾಟವಾದ ನೋಕಿಯಾ 5233ಯಲ್ಲಿ ವೈಫೈಯೂ ಇಲ್ಲ, 3ಜಿಯೂ ಇಲ್ಲ. ನೋಡೋಕೆ 5800 ಥರಾನೇ, ಪರದೆಯೂ ಅದೇ 3.2 ಇಂಚು, ಹಾಗಾಗಿ ಒಂದನ್ನು ಇನ್ನೊಂದರ ಬೆಲೆಗೆ ಮಾರೋರು ಸಿಗುತ್ತಾರೆ. ಮಾಡೆಲ್ ಸಂಖ್ಯೆ ಬ್ಯಾಟರಿ ಕೆಳಗಿನ ಚೀಟಿಯಲ್ಲಿ ಓದಿ, ಡಬ್ಬಿಯ ಮೇಲಲ್ಲ.

ಇಂಟರ್‌ನೆಟ್ ಬಂದರೂ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ. ಈಗಿನ ವೆಬ್‌ಸೈಟುಗಳು ಕೇಳೋ ಸುರಕ್ಷತೆಯ ವಿಧಾನ ಈ ಬ್ರೌಸರುಗಳಿಗೆ ಗೊತ್ತಿಲ್ಲ, ಅರ್ಧಕ್ಕರ್ಧ ಪುಟ ತೆರೆಯೋದೇ ಇಲ್ಲ. ಆಂಡ್ರಾಯ್ಡ್ 2.3.7 ಮತ್ತು ಅದಕ್ಕಿಂತ ಹಳೆಯದರಲ್ಲಿ ಗೂಗಲ್ ಲಾಗಿನ್ 27 ಸೆಪ್ಟೆಂಬರ್ 2021ರಿಂದ ಬಂದ್. ಸಿಂಬಿಯನ್ನಿನಲ್ಲಿ ವಾಟ್ಸ್‌ಆಪ್ 2017ರಲ್ಲೇ ನಿಂತಿತು.

ಕನ್ನಡದ ವಿಷಯ ಯಾವ ಪಟ್ಟಿಯಲ್ಲೂ ಇರುತ್ತಿರಲಿಲ್ಲ. ಆಂಡ್ರಾಯ್ಡಿನಲ್ಲಿ ಕನ್ನಡ ಅಕ್ಷರ ಫೋನಿನ ಜೊತೆಗೇ ಬಂದದ್ದು 2012ರ 4.1ರಲ್ಲಿ. ಅದಕ್ಕೂ ಹಿಂದೆ ಕನ್ನಡ ಪುಟ ತೆರೆದರೆ ಸಾಲುಸಾಲು ಚೌಕ. ಆಗ ಎಲ್ಲರೂ ಮಾಡುತ್ತಿದ್ದ ಉಪಾಯ ಒಪೆರಾ ಮಿನಿ ಅನ್ನೋ ಬ್ರೌಸರಿನದು. ವಿಳಾಸದ ಜಾಗದಲ್ಲಿ ಒಪೆರಾ, ಕೋಲನ್, ಕಾನ್ಫಿಗ್ ಅಂತ ಇಂಗ್ಲಿಷಿನಲ್ಲಿ ಹೊಡೆದು, ಪುಟದ ಕೊನೆಯಲ್ಲಿ ಬಿಟ್‌ಮ್ಯಾಪ್ ಫಾಂಟ್ ಅನ್ನೋ ಸಾಲಿಗೆ ಯೆಸ್ ಕೊಟ್ಟು ಸೇವ್ ಮಾಡೋದು. ಅಕ್ಷರಗಳನ್ನು ಸರ್ವರ್ ಚಿತ್ರ ಮಾಡಿ ಕಳಿಸುತ್ತಿತ್ತು, ಹಾಗಾಗಿ ಫೋನಿಗೆ ಕನ್ನಡ ಬಾರದಿದ್ದರೂ ಕನ್ನಡ ಕಾಣುತ್ತಿತ್ತು. ಕಾಪಿ ಮಾಡೋಕೆ ಆಗುತ್ತಿರಲಿಲ್ಲ, ಓದೋಕೆ ಸಾಕಿತ್ತು. ಹಳೇ ಫೋನಿಗೆ ಕನ್ನಡ ಹಾಡು ತುಂಬಿಸುವಾಗಲೂ ಫೈಲಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೇ ಇಡಿ.

ಅಂಗಡಿಯಲ್ಲಿ ನಿಂತಾಗ

ಬೆಂಗಳೂರಿನಲ್ಲಾದರೆ ಎಸ್‌ಪಿ ರೋಡ್, ಮೆಜೆಸ್ಟಿಕ್ ಹತ್ತಿರದ ನ್ಯಾಷನಲ್ ಮಾರ್ಕೆಟ್, ಭಾನುವಾರದ ಸಂಡೇ ಬಜಾರ್. ಎಲ್ಲಿ ಹೋದರೂ ನಿಮ್ಮದೇ ಒಂದು ಸಿಮ್, ಒಂದು ಸಣ್ಣ ಕಾರ್ಡ್, ಒಂದು ಇಯರ್‌ಫೋನ್ ಜೇಬಿನಲ್ಲಿರಲಿ.

*#06# ಒತ್ತಿದರೆ ಐಎಂಇಐ, ಅಂದರೆ ಫೋನಿನ ಗುರುತಿನ ಸಂಖ್ಯೆ, ಬರುತ್ತದೆ. ಬ್ಯಾಟರಿ ಕೆಳಗಿನ ಚೀಟಿಯ ಸಂಖ್ಯೆಗೆ ತಾಳೆ ಹಾಕಿ. ಸೊನ್ನೆಗಳ ಸಾಲು ಬಂದರೆ ಅದು ಆ ಕಾಲದ ಚೈನಾ ಸೆಟ್. ಸರಿಯಾದ ಐಎಂಇಐ ಇಲ್ಲದ ಫೋನುಗಳನ್ನು ಭಾರತದಲ್ಲಿ 2009ರ ಡಿಸೆಂಬರಿನಿಂದಲೇ ನಿಲ್ಲಿಸಿದ್ದಾರೆ. ಕದ್ದ ಮಾಲಾ ಅಂತ ಅನುಮಾನ ಇದ್ದರೆ ಇಂಗ್ಲಿಷ್ ಅಕ್ಷರದಲ್ಲಿ ಕೆವೈಎಂ, ಒಂದು ಖಾಲಿ ಜಾಗ, ಆಮೇಲೆ 15 ಅಂಕಿಯ ಐಎಂಇಐ ಬರೆದು 14422ಗೆ ಎಸ್‌ಎಂಎಸ್ ಮಾಡಿ. ನೋಕಿಯಾ ಆದರೆ *#0000# ಒತ್ತಿ ಸಾಫ್ಟ್‌ವೇರ್ ಆವೃತ್ತಿ ಮತ್ತು ಮಾಡೆಲ್ ಓದಿಕೊಳ್ಳಿ.

ಇಯರ್‌ಫೋನ್ ಚುಚ್ಚಿಯೇ ನೋಡಿ. ಮೊದಲ ಐಫೋನಿನ 3.5 ಎಂಎಂ ತೂತು ಒಳಗೆ ಆಳದಲ್ಲಿದೆ, ದಪ್ಪ ಪ್ಲಾಸ್ಟಿಕ್ಕಿನ ಪಿನ್ ಪೂರ್ತಿ ಇಳಿಯೋದಿಲ್ಲ. ಜಿ1ಗೆ ಆ ತೂತೇ ಇಲ್ಲ, ಅದರ ಚಾರ್ಜರ್ ಮತ್ತು ಇಯರ್‌ಫೋನ್ ಎರಡಕ್ಕೂ ಎಚ್‌ಟಿಸಿಯದೇ ಒಂದು ವಿಶೇಷ ಯುಎಸ್‌ಬಿ. 5800ನಲ್ಲಿ ಮೈಕ್ರೊ ಯುಎಸ್‌ಬಿ ಕಂಡು ಖುಷಿಪಡಬೇಡಿ. ಅದು ಡೇಟಾಕ್ಕೆ ಮಾತ್ರ, ಚಾರ್ಜ್ ಆಗೋದು 2 ಎಂಎಂ ಸಣ್ಣ ಪಿನ್ನಿನ ನೋಕಿಯಾ ಚಾರ್ಜರಿನಿಂದ.

ಬ್ಯಾಟರಿ ತೆಗೆದು ಮೇಜಿನ ಮೇಲೆ ಮಲಗಿಸಿ ತಿರುಗಿಸಿ. ಬುಗುರಿ ಥರ ಸುತ್ತಿದರೆ ಹೊಟ್ಟೆ ಉಬ್ಬಿದೆ, ಅದನ್ನು ಚಾರ್ಜಿಗೂ ಹಾಕಬೇಡಿ, ಒತ್ತಿ ಸರಿಮಾಡೋಕೂ ಹೋಗಬೇಡಿ, ಕಸದ ಡಬ್ಬಿಗೂ ಬೇಡ, ಇ-ವೇಸ್ಟ್ ತಗೊಳ್ಳೋರಿಗೆ ಕೊಡಿ. ಬದಲಿ ಸಿಗುವ ಫೋನ್ ಆರಿಸಿಕೊಳ್ಳೋದು ಜಾಣತನ. 5800, 5233, ಎನ್900ಕ್ಕೆ ಬೇಕಾದ ಬಿಎಲ್-5ಜೆ ಬ್ಯಾಟರಿ ಆಮೇಲಿನ ಲೂಮಿಯಾ 520ಕ್ಕೂ ಅದೇ, ಆದ್ದರಿಂದ ಇನ್ನೂ ಸಿಗುತ್ತದೆ. ಮೊದಲ ಐಫೋನ್ ಬ್ಯಾಟರಿ ಒಳಗೇ ಬೆಸುಗೆ ಹಾಕಿದ್ದು, ಅದರ ಕೆಲಸ ಎಲ್ಲರ ಕೈಲೂ ಆಗೋದಲ್ಲ.

ಫೋನ್ ಹಿಂದಿನವರ ಮೆಸೇಜು, ಫೋಟೋ ಎಲ್ಲ ಹೊತ್ತುಕೊಂಡೇ ಬಂದಿರುತ್ತದೆ. ನೋಕಿಯಾದಲ್ಲಿ *#7370# ಒತ್ತಿ, ಕೋಡ್ ಕೇಳಿದರೆ 12345 ಕೊಟ್ಟು ಅಳಿಸಿಬಿಡಿ. ಹಳೆಯವರು ಕೋಡ್ ಬದಲಿಸಿದ್ದರೆ ಅಂಗಡಿಯಲ್ಲೇ ಗೊತ್ತಾಗಲಿ, ಅದಕ್ಕೇ ದುಡ್ಡು ಕೊಡೋ ಮುಂಚೆ ಇದನ್ನು ಮಾಡಿಸಿ. ಆಮೇಲೆ ಸಿಂಬಿಯನ್ ಆಪ್ ಹಾಕುವಾಗ ಸರ್ಟಿಫಿಕೇಟ್ ಅವಧಿ ಮುಗಿದಿದೆ ಅಂತ ಬಂದರೆ ಫೋನಿನ ತಾರೀಕನ್ನು 2010ರ ಸುಮಾರಿಗೆ ಹಿಂದಕ್ಕೆ ಇಟ್ಟು ಹಾಕಿ, ಹಾಕಿದ ಮೇಲೆ ಸರಿ ತಾರೀಕಿಗೆ ತನ್ನಿ.

5800 ಕೊಳ್ಳೋರು ಕೊನೆಗೆ ಹಿಂಬದಿಯ ಮೂಲೆಯಲ್ಲಿ ಸ್ಟೈಲಸ್ ಇದೆಯಾ ನೋಡಿ. ಬರೆಯೋದಕ್ಕೆ ಮಾತ್ರ ಅಲ್ಲ ಅದು. ಆ ಫೋನಿನಲ್ಲಿ ಸಿಮ್ ಪಕ್ಕದ ಸಣ್ಣ ಮುಚ್ಚಳದಿಂದ ಒಳಗೆ ಹೋಗುತ್ತದೆ, ಹೊರಗೆ ಬರಬೇಕಾದರೆ ಬ್ಯಾಟರಿ ತೆಗೆದು ಅದರ ಕೆಳಗಿನ ಸೀಳಿನಲ್ಲಿ ಸ್ಟೈಲಸ್ಸಿನ ತುದಿ ಇಟ್ಟು ಸಿಮ್ಮನ್ನು ಪಕ್ಕಕ್ಕೆ ತಳ್ಳಬೇಕು. ಸ್ಟೈಲಸ್ ಇಲ್ಲದಿದ್ದರೆ ಬೆಲೆ ಇಳಿಸಿ ಕೇಳಿ.